ಅರ್ಧ ನಿಜಕ್ಕೆ ಅರ್ಧ ಬಾಗಿಲು

ನಮ್ಮ ಊರಿನಲ್ಲಿ ನಾಟಕಕ್ಕೆ ಹೋಗುವವರು ಒಲೆ ಆರಿಸಿ ಹೋಗುತ್ತಾರೆ. ನಾಟಕ ಮುಗಿಯುವ ಹೊತ್ತನ್ನು ಹೇಳಬಹುದು, ಮನೆಗೆ ಬರುವ ಹೊತ್ತನ್ನು ಹೇಳಲಾಗದು. ಮಧ್ಯಾಹ್ನ ಮೂರಕ್ಕೆ ಪರದೆ ಏಳುತ್ತಿದ್ದಂತೆ ನಾಟಕದ ಮನೆಯ ಎರಡು ಕದದ ದೊಡ್ಡ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಅದಕ್ಕೆ ಚಿಲಕವಿಲ್ಲ, ಅಗುಳಿಯಿಲ್ಲ. ಎಳೆದರೆ ಬರುವುದಿಲ್ಲ, ನೂಕಿದರೆ ಹೋಗುವುದಿಲ್ಲ. ಆಟ ಮುಗಿದ ಮೇಲೆ ಬಾಗಿಲು ಕಾಯುವ ಫಕೀರಪ್ಪ ತಾಮ್ರದ ಕೊಡದಲ್ಲಿ ಕೈಹಾಕಿ ಒಂದು ಅರ್ಧ ಚೀಟಿ ಎತ್ತುತ್ತಾನೆ. ಆ ನಂಬರಿನವರು ಎದ್ದು ನಿಂತು, ನೋಡಿದ ನಾಟಕದ ಬಗ್ಗೆ ತಮಗೆ ಅನಿಸಿದ್ದನ್ನು ಹೇಳಬೇಕು. ನಿಜ ಹೇಳಿದಷ್ಟು ಬಾಗಿಲು ತೆರೆಯುತ್ತದೆ, ಸುಳ್ಳು ಹೇಳಿದಷ್ಟು ಹಿಂದಕ್ಕೆ ಬರುತ್ತದೆ. ಅರ್ಧ ನಿಜಕ್ಕೆ ಅರ್ಧ ಬಾಗಿಲು ಎಂಬುದು ನಮ್ಮಲ್ಲಿ ಗಾದೆ. ಎಮ್ಮೆ ಮಾರುವವನ ಮುಂದೆಯೂ ಹೇಳುತ್ತೇವೆ, ಹೆಣ್ಣು ನೋಡಲು ಬಂದವರ ಮುಂದೆಯೂ ಹೇಳುತ್ತೇವೆ.

ಊರು ಇದಕ್ಕೆ ಹೊಂದಿಕೊಂಡು ಯಾವ ಕಾಲವಾಯಿತೋ. ಹೆಂಗಸರು ಕಾಳು ನೆನೆಹಾಕಿ, ಸೆರಗಿನಲ್ಲಿ ಹುರಿದ ಶೇಂಗಾ ಕಟ್ಟಿಕೊಂಡು ಬರುತ್ತಾರೆ. ಎಮ್ಮೆ ಇದ್ದವರು ಹಿಂಡಿಕೊಡಲು ನೆರೆಮನೆಗೆ ಹೇಳಿ ಬರುತ್ತಾರೆ. ಮೊದಲ ಸಲ ಬಂದ ಕಂಪನಿಯವರು ಬಾಗಿಲು ಬಡಿದು ಗಾಬರಿಯಾಗುವುದುಂಟು. ಎರಡನೆಯ ಸಲಕ್ಕೆ ಅವರೂ ಬಣ್ಣ ಒರೆಸಿಕೊಂಡು ರಂಗದ ಅಂಚಿನಲ್ಲಿ ಕಾಲು ಇಳಿಬಿಟ್ಟು, ಚಹಾ ಕುಡಿಯುತ್ತ ಕೇಳುತ್ತಾರೆ. ಚೀಟಿ ಬಂದವರು ಮೊದಲು "ಬೆಂಚು ಗಟ್ಟಿ ಐತಿ" ಎನ್ನುತ್ತಾರೆ. ಬೆಂಚು ನಿಜಕ್ಕೂ ಗಟ್ಟಿ, ಅಷ್ಟಕ್ಕೆ ಬಾಗಿಲು ಒಂದು ಬೆರಳು ತೆರೆದು ಗಾಳಿಯಾದರೂ ಬರುತ್ತದೆ. ಬಾಗಿಲು ಪೂರಾ ತೆರೆದ ಮೇಲೆ ಹೊಸ್ತಿಲು ದಾಟುವವರೆಗೆ ಮಾತ್ರ ಯಾರೂ ತುಟಿ ಬಿಚ್ಚುವುದಿಲ್ಲ. ಹಿಂದೊಮ್ಮೆ ಹೊಸ ಮದುಮಗನೊಬ್ಬ ಹೊಸ್ತಿಲ ಮೇಲೆ ನಿಂತು ಹೆಂಡತಿಗೆ "ನಿನ್ನ ಅಡಿಗಿ ಭಾಳ ರುಚಿ" ಎಂದದ್ದೇ ತಡ, ಪೂರಾ ತೆರೆದ ಬಾಗಿಲು ದಡಾರನೆ ಮುಚ್ಚಿ, ಊರಿಗೆ ಊರೇ ಮತ್ತೆ ಒಂದು ಗಂಟೆ ಕೂರಬೇಕಾಯಿತಂತೆ.

ಮಕ್ಕಳ ತಾಯಂದಿರಿಗೆ ಮಡಿಲ ಚೀಟಿ ಎಂದು ಬೇರೆ ಇದೆ. ಏಳು ವರ್ಷದ ಒಳಗಿನ ಕೂಸಿಗೆ ಜಾಗ ತಾಯಿಯ ಮಡಿಲೇ, ಹಾಗಾಗಿ ಇಬ್ಬರಿಗೂ ಒಂದೇ ಚೀಟಿ. ಆ ಚೀಟಿ ಎದ್ದರೆ ತಾಯಿಯೂ ಹೇಳಬೇಕು, ಕೂಸೂ ಹೇಳಬೇಕು. ಮಾತು ಬಾರದ ಕೂಸಾದರೆ ಅತ್ತರೂ ಆಯಿತು, ಅದರ ಅಳುವಿನಲ್ಲಿ ಸುಳ್ಳಿರುವುದಿಲ್ಲ. ಮಲಗಿದ ಕೂಸಿನ ಅಂಗಾಲು ಚಿವುಟಿ ಅಳಿಸಿ ಮನೆಗೆ ಓಡಿದ ಬಾಣಂತಿಯರನ್ನು ನಾನೇ ಎಷ್ಟೋ ಸಲ ಕಂಡಿದ್ದೇನೆ.

ನನ್ನ ಹೆಸರು ನೀಲಗಂಗಾ. ಹೊಲಿಗೆ ನನ್ನ ಕೆಲಸ. ಊರಿನ ಅರ್ಧ ಮಕ್ಕಳ ಮೊದಲ ಅಂಗಿ ನನ್ನ ಮಶೀನಿನಿಂದ ಹೋದದ್ದು. ತೊಟ್ಟಿಲಿಗೆ ಹಾಕುವ ದಿನ ಅಂಗಿ ತಲುಪಿಸಿ ಬಾಗಿಲಲ್ಲೇ ತಿರುಗುತ್ತಿದ್ದೆ. ಒಳಗೆ ಕರೆಯಲು ಅವರಿಗೂ ಸಂಕೋಚ, ಹೋಗಲು ನನಗೂ ಸಂಕೋಚ. ಮದುವೆಯಾಗಿ ಹತ್ತೊಂಬತ್ತು ವರ್ಷವಾಗಿತ್ತು. ಬಸಿರು ಎರಡು ಸಲ ನಿಂತಿತು, ಎರಡು ಸಲವೂ ಉಳಿಯಲಿಲ್ಲ. ಎರಡನೆಯದೂ ಉಳಿಯದ ಆ ವರ್ಷದಿಂದ ನನಗೊಂದು ಹುಚ್ಚು ಹಿಡಿಯಿತು. ಪ್ರತಿ ಪಂಚಮಿಗೆ ಒಂದು ಫ್ರಾಕು ಹೊಲಿಯುತ್ತಿದ್ದೆ, ಆ ಕೂಸು ಇದ್ದಿದ್ದರೆ ಆ ವರ್ಷಕ್ಕೆ ಎಷ್ಟು ಎತ್ತರವಾಗಿರುತ್ತಿತ್ತೋ ಆ ಅಳತೆಗೆ. ಟ್ರಂಕಿನಲ್ಲಿ ಹದಿಮೂರು ಫ್ರಾಕು ಕೂಡಿದ್ದವು. ನಮ್ಮ ಯಜಮಾನರು ದುಂಡಪ್ಪನವರು ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವವರು. ಅವರಿಗೆ ಮಾತು ಕಡಿಮೆ. ಆ ಟ್ರಂಕಿನ ಬಗ್ಗೆ ಅವರು ಒಂದು ದಿನವೂ ಒಂದು ಮಾತೂ ಆಡಲಿಲ್ಲ. ಆದರೆ ವರ್ಷಕ್ಕೊಮ್ಮೆ ಅದರಲ್ಲಿ ಹೊಸ ನುಸಿಗುಳಿಗೆ ಬಿದ್ದಿರುತ್ತಿದ್ದವು, ನಾನು ಹಾಕಿದ್ದಲ್ಲ.

ಸಾವಂತ್ರಿ ನಮ್ಮವರ ದೂರದ ತಂಗಿಯ ಮಗಳು. ಆರು ವರ್ಷದ ಹುಡುಗಿ. ಎರಡು ತುಂಬುವುದರೊಳಗೆ ತಾಯಿ ಹೋದಳು, ತಂದೆ ಎತ್ತ ಹೋದನೋ ಯಾರಿಗೂ ತಿಳಿಯದು. ಅಜ್ಜಿಯ ಹತ್ತಿರ ಒಂದಿಷ್ಟು ದಿನ, ಅಜ್ಜಿ ಹಾಸಿಗೆ ಹಿಡಿದ ಮೇಲೆ ಚಿಕ್ಕಪ್ಪನ ಮನೆ, ಚಿಕ್ಕಮ್ಮ ಬೇಡವೆಂದ ಮೇಲೆ ಸೋದರಮಾವನ ಮನೆ. ಮಾವನಿಗೆ ತನ್ನವೇ ನಾಲ್ಕಿದ್ದವು. ನಮಗೆ ಮಕ್ಕಳಿಲ್ಲವೆಂದು ಯಾರೋ ಹೇಳಿದ್ದು ಕೇಳಿ ಅವಳನ್ನು ಕರೆದುಕೊಂಡು ಬಂದ. "ಹದಿನೈದು ದಿನ ಇಟಗೊಂಡು ನೋಡ್ರಿ. ಹೊಂದಿದ್ರ ನಿಮ್ಮ ಹತ್ರನ ಇರಲಿ. ಇಲ್ಲಾಂದ್ರ ನಾ ಬಂದು ಕರಕೊಂಡು ಹೋಗತೀನಿ" ಎಂದ. ಎತ್ತು ಕೊಳ್ಳುವವರಿಗೂ ಜನ ಇದೇ ಮಾತು ಹೇಳುತ್ತಾರೆ. ಹುಡುಗಿ ಪಕ್ಕದಲ್ಲೇ ನಿಂತು ಕೇಳುತ್ತಿದ್ದಳು.

ಹದಿನೈದು ದಿನಕ್ಕೆ ಸೋಮವಾರ ಬೀಳುತ್ತಿತ್ತು. ನಾನು ಹೇಳುತ್ತಿರುವುದು ಅದಕ್ಕೆ ಮುಂಚಿನ ಶನಿವಾರದ ಕಥೆ.

ಹುಡುಗಿ ತಂಟೆ ಮಾಡುತ್ತಿರಲಿಲ್ಲ. ಅದೇ ನನಗೆ ಕಷ್ಟವಾಗಿತ್ತು. ಕೊಟ್ಟದ್ದು ಉಣ್ಣುತ್ತಿದ್ದಳು, ತನ್ನ ತಟ್ಟೆ ತಾನೇ ತೊಳೆಯುತ್ತಿದ್ದಳು, ಊರವರು ಕರೆಯುವುದನ್ನು ಕೇಳಿ ನನ್ನನ್ನು "ನೀಲಕ್ಕಾರ" ಎನ್ನುತ್ತಿದ್ದಳು. ಮಶೀನಿನ ಮುಂದೆ ಕೂತರೆ ಎದುರಿನ ಗೋಡೆಗೆ ಒರಗಿ ನೋಡುತ್ತಿದ್ದಳು. ಅವಳಿಗೆ ತೊಡಲು ಚಂದದ ಅಂಗಿ ಇರಲಿಲ್ಲ. ಟ್ರಂಕು ತೆಗೆದು, ಆರನೆಯ ವರ್ಷದ ಫ್ರಾಕು ಹೊರಗಿಟ್ಟೆ. ಹಸಿರು ಬಟ್ಟೆ, ಅಂಚಿಗೆ ಹಳದಿ ಪಟ್ಟಿ, ಎದೆಯ ಮೇಲೆ ಎರಡು ಜೇಬು. ತೊಡಿಸಿದರೆ ಹೆಗಲಿನಿಂದ ಜಾರಿತು. ಎರಡೂ ಕಡೆ ಎರಡೆರಡು ಬೆರಳು ಹಿಡಿದು ಹೊಲಿದರೆ ಸರಿಯಾಗುತ್ತಿತ್ತು, ನನಗೆ ಅದು ಅರ್ಧ ಗಂಟೆಯ ಕೆಲಸ. ಕತ್ತರಿ ತೆಗೆದುಕೊಂಡೆ, ಹೊಲಿಗೆ ಬಿಚ್ಚಲು ಕೂತೆ, ಮತ್ತೆ ಕತ್ತರಿ ಕೆಳಗಿಟ್ಟೆ. ಆ ಫ್ರಾಕು ಅಷ್ಟೇ ಅಗಲದ ಹೆಗಲಿಗೆ ಹೊಲಿದದ್ದು. ಬೇರೆ ಹೆಗಲಿಗೆ ಅದನ್ನು ಬಿಚ್ಚಲು ಮನಸ್ಸಾಗಲಿಲ್ಲ. ಹೆಗಲಿಗೊಂದು ಪಿನ್ನು ಚುಚ್ಚಿ ಬಿಟ್ಟೆ.

ಆ ವಾರ ಊರಿಗೆ ಬಂದ ಕಂಪನಿಯ ನಾಟಕ "ಕೂಸು ಬಂತು ಕುರ್ಚಿ ಬಿಡಿ." ಅದರ ಹ್ಯಾಂಡ್‌ಬಿಲ್ಲು, ಚೀಟಿ ಎಲ್ಲ ನಮ್ಮವರೇ ಅಚ್ಚು ಹಾಕಿದ್ದು. ಮಕ್ಕಳಾಗದ ಗಂಡಹೆಂಡತಿಯ ನಗೆ ನಾಟಕ, ಹೊಟ್ಟೆ ಹುಣ್ಣಾಗುವಂತೆ ನಗದಿದ್ದರೆ ಹಣ ವಾಪಸು ಎಂದು ದಪ್ಪ ಅಕ್ಷರದಲ್ಲಿ ಇತ್ತು. ಅವರು ಮಧ್ಯಾಹ್ನ ಊಟ ಮಾಡಿ ಕೈ ತೊಳೆದು, "ಮೂವರೂ ಹೋಗಿ ಬರೂಣು" ಎಂದರು.

"ಆ ನಾಟಕಕ್ಕ ನಾವು ಹೋಗಬೇಕೇನ್ರೀ?"

"ಹೋಗದಿದ್ರೂ ಊರು ಆಡತೈತಿ, ಹೋದ್ರೂ ಆಡತೈತಿ. ಹುಡುಗಿ ಒಮ್ಮೆನೂ ನಾಟಕ ನೋಡಿಲ್ಲಂತ."

ತಮ್ಮ ಚೀಟಿ ತಾವಿಟ್ಟುಕೊಂಡು, ಇನ್ನೊಂದನ್ನು ನನ್ನ ಕೈಯಲ್ಲಿಟ್ಟರು. ನಾನು ಅದನ್ನು ನೋಡದೆ ಕುಪ್ಪಸದಲ್ಲಿ ಸಿಕ್ಕಿಸಿಕೊಂಡೆ. ಫಕೀರಪ್ಪ ಬಾಗಿಲಲ್ಲಿ ಅದನ್ನು ಹರಿದು ಅರ್ಧ ಕೊಡಕ್ಕೆ ಹಾಕಿ ಅರ್ಧ ನನಗೆ ಕೊಟ್ಟ. ನಮ್ಮಲ್ಲಿ ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ ಕೂರುವುದು. ನಮ್ಮವರು ಆ ಕಡೆ ಹೋದರು. ನಾನು ಪಕ್ಕದ ಮನೆಯ ಗುರುಬಾಯಿಯ ಬೆಂಚಿನಲ್ಲಿ ಕೂತೆ. ಸಾವಂತ್ರಿ ನನ್ನ ಪಕ್ಕ, ಬೆಂಚಿನ ತುದಿಯಲ್ಲಿ ಕೂತಳು. ಕೆಳಗೆ ಬಿಟ್ಟ ನನ್ನ ಚಪ್ಪಲಿಯನ್ನೂ ತನ್ನ ಚಪ್ಪಲಿಯನ್ನೂ ಎತ್ತಿ ತೊಡೆಯ ಮೇಲಿಟ್ಟುಕೊಂಡಳು. "ಅಲ್ಲೇ ಇರಲಿ ಬಿಡವಾ" ಎಂದೆ. "ಯಾರರ ಒಯ್ದಾರು" ಎಂದಳು. ಮಾವನ ಮನೆಯಲ್ಲಿ ಅವಳಿಗೆ ಕೊಟ್ಟ ಕೆಲಸ ಅದಿರಬೇಕು.

ನಾಟಕ ನಿಜಕ್ಕೂ ನಗೆಯದೇ. ಡೊಳ್ಳು ಹೊಟ್ಟೆಯ ನಟನೊಬ್ಬ ಗಂಡ. ಮಗು ಬೇಕೆಂದು ಅವನು ಮರಕ್ಕೆ ಸುತ್ತು ಹಾಕುತ್ತಾನೆ, ಸುತ್ತುವಾಗ ಧೋತರ ಮರಕ್ಕೆ ಸಿಕ್ಕಿ ಬಿಚ್ಚಿಕೊಳ್ಳುತ್ತದೆ. ಹೆಂಡತಿಗೆ ತರಿಸಿದ ಕಷಾಯವನ್ನು ಕತ್ತೆ ಕುಡಿದುಬಿಡುತ್ತದೆ, ಊರವರು ಕತ್ತೆಗೆ ಉಡಿ ತುಂಬುತ್ತಾರೆ. ಅತ್ತೆಯ ಬಾಯಿ ತಾಳಲಾರದೆ ಹೆಂಡತಿ ಹೊಟ್ಟೆಗೆ ದಿಂಬು ಕಟ್ಟಿಕೊಳ್ಳುತ್ತಾಳೆ. ಒಬ್ಬಳೇ ಇದ್ದಾಗ ಆ ದಿಂಬನ್ನು ಮುಂದೆ ಕೂರಿಸಿಕೊಂಡು ಟೇಪು ಹಿಡಿದು ಅಳತೆ ತೆಗೆಯುತ್ತಾಳೆ. "ಸುಮ್ಮ ಕುಂದ್ರ ನನ್ನ ಬಂಗಾರ, ಎಷ್ಟು ಹೊಯ್ದಾಡತಿ!" ಎಂದು ದಿಂಬನ್ನು ಗದರುತ್ತಾಳೆ. ಕಡೆಗೆ ಹೇಗೋ ಒಂದು ಕೂಸು ಮನೆಗೆ ಬರುತ್ತದೆ. ಬಟ್ಟೆಯ ಗಂಟು ಅಷ್ಟೇ. ಅತ್ತೆ ನನಗೆ ಕೊಡು ಎನ್ನುತ್ತಾಳೆ, ಮಾವ ನನಗೆ, ಭಾವ ನನಗೆ. ಒಬ್ಬರ ಕೈಯಿಂದ ಒಬ್ಬರ ಕೈಗೆ ಕೂಸು ಹಾರುತ್ತದೆ, ಹಾರ್ಮೋನಿಯಂ ಓಟಕ್ಕೆ ಬೀಳುತ್ತದೆ, ಪರದೆ ಇಳಿಯುತ್ತದೆ. ಜನ ಬೆಂಚು ಗುದ್ದಿ ನಕ್ಕರು. ಗುರುಬಾಯಿ ನಕ್ಕೂ ನಕ್ಕೂ ಕೆಮ್ಮು ಹತ್ತಿಸಿಕೊಂಡಳು, ಆಮೇಲೆ ನನ್ನ ಮುಖ ನೋಡಿ ಬಾಯಿಗೆ ಸೆರಗು ಹಿಡಿದಳು.

ಫಕೀರಪ್ಪ ಕೊಡದಲ್ಲಿ ಕೈಹಾಕಿದ. "ನೂರಾ ನಲವತ್ತಮೂರು" ಎಂದ. ಕುಪ್ಪಸದಿಂದ ಚೀಟಿ ತೆಗೆದು ನೋಡಿದೆ. ನನ್ನದೇ.

ನಾನು ಎದ್ದು ನಿಂತಾಗ ಆ ನಾಟಕದ ಮನೆಯಲ್ಲಿ ಶೇಂಗಾ ಸುಲಿಯುವ ಸದ್ದೂ ನಿಂತಿತು. ಎಲ್ಲರಿಗೂ ನನ್ನ ಕಥೆ ಗೊತ್ತು. ಎಲ್ಲರ ಮಕ್ಕಳ ಅಂಗಿ ನಾನೇ ಹೊಲಿದದ್ದು. ಈಗಷ್ಟೇ ನಕ್ಕವರೆಲ್ಲ ತಲೆ ತಗ್ಗಿಸಿದ್ದರು. ಬಲಗಡೆಯಲ್ಲಿ ನಮ್ಮವರು ಎದ್ದು ನಿಂತರು, ಏನೋ ಹೇಳಲು ಬಾಯಿ ತೆರೆದರು, ಮತ್ತೆ ಕೂತುಬಿಟ್ಟರು. ಇವರಿಗೂ ನಾಚಿಕೆಯಾಯಿತು ಎಂದುಕೊಂಡು ನನಗೆ ಸಿಟ್ಟು ಬಂತು.

"ಬೆಂಚು ಗಟ್ಟಿ ಐತಿ" ಎಂದೆ. ಬಾಗಿಲು ಒಂದು ಬೆರಳು ಸರಿಯಿತು. ಯಾರೂ ನಗಲಿಲ್ಲ.

"ನಾಟಕ ಛಲೋ ಇತ್ತು." ಕಿರ್ ಎಂದು ಬಾಗಿಲು ಅರ್ಧ ಬೆರಳು ಹಿಂದಕ್ಕೆ ಬಂತು.

"ತಂಗಿ, ನೋವಾತು ಅಂತ ಹೇಳಿಬಿಡವಾ" ಎಂದು ಫಕೀರಪ್ಪ ಮೆಲ್ಲಗೆ ಹೇಳಿದ. "ಅದರಾಗೇನೈತಿ. ಎಲ್ಲಾರಿಗೂ ತಿಳೀತೈತಿ."

ಊರು ನನ್ನ ಬಾಯಿಂದ ಬಯಸಿದ್ದು ಅದನ್ನೇ. ನಾನು ಹಾಗೆಂದರೆ ಎಲ್ಲರೂ ಒಮ್ಮೆ ಲೊಚಗುಟ್ಟಿ, ಕಣ್ಣೊರೆಸಿಕೊಂಡು, ಒಲೆ ಹಚ್ಚಲು ಮನೆಗೆ ಹೋಗಬಹುದಿತ್ತು. "ನೋವಾತು" ಎಂದೆ. ಬಾಗಿಲು ಎರಡು ಬೆರಳು ತೆರೆಯಿತು. ಅದರ ಬೆನ್ನಿಗೇ "ಅಳು ಬಂತು" ಎಂದೆ. ಎರಡು ಬೆರಳೂ ಹೋದವು, ಮೊದಲಿನದೂ ಹೋಯಿತು. ಬಾಗಿಲು ಗೋಡೆಯ ಹಾಗೆ ನಿಂತಿತು.

ಆಗ ನನಗೆ ಭಯವಾಯಿತು. ಅಳು ಬಂದಿರಲಿಲ್ಲ, ಅದು ಬಾಗಿಲಿಗೂ ಗೊತ್ತು. ಹಾಗಾದರೆ ನನಗೆ ಏನಾಗಿತ್ತು? ಹತ್ತೊಂಬತ್ತು ವರ್ಷ ಊರು ನನ್ನ ಬಗ್ಗೆ ಏನು ಅಂದುಕೊಂಡಿತ್ತೋ ಅದನ್ನೇ ನಾನೂ ಅಂದುಕೊಂಡು ಬಂದಿದ್ದೆ. ಅದನ್ನು ಬಿಟ್ಟರೆ ಒಳಗೆ ಏನಿದೆ ಎಂದು ನಾನೇ ಕೈಹಾಕಿ ನೋಡಿರಲಿಲ್ಲ.

"ನಾ ನಕ್ಕೆ" ಎಂದೆ.

ಬಾಗಿಲು ಒಂದು ಗೇಣು ತೆರೆಯಿತು. ಹೊರಗಿನ ಬಿಸಿಲು ಸೀಳಿನಂತೆ ಒಳಗೆ ಬಿತ್ತು. ಗೇಣಿನ ಸಂದಿಯಲ್ಲಿ ಮಕ್ಕಳು ತೂರಿ ಹೋಗಬಹುದು, ಅದು ಮೊದಲಿಂದ ನಡೆದುಬಂದದ್ದು. ಊರಿನ ಮಕ್ಕಳೆಲ್ಲ ದೊಡ್ಡವರ ಕಾಲ ಸಂದಿಯಿಂದ ನುಸುಳಿ, ಹೊಟ್ಟೆ ಒಳಗೆಳೆದುಕೊಂಡು, ಒಬ್ಬರ ಹಿಂದೊಬ್ಬರು ಹೊರಗೆ ಹಾರಿದರು. ಅಂಗಳದಲ್ಲಿ ಅವರ ಕೂಗಾಟ ಕೇಳಿಸಿತು.

"ನೀನೂ ಹೋಗವಾ, ಹೊರಗ ಆಡಕೋತ ಇರು" ಎಂದು ಗುರುಬಾಯಿ ಸಾವಂತ್ರಿಯ ಬೆನ್ನು ತಟ್ಟಿದಳು. ಹುಡುಗಿ ತಲೆಯಾಡಿಸಿದಳು. ಎರಡು ಜೊತೆ ಚಪ್ಪಲಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು ಕೂತಳು. ಊರಿನಲ್ಲೆಲ್ಲ ಅವಳಷ್ಟು ತೆಳ್ಳಗಿನ ಮಗು ಇನ್ನೊಂದಿರಲಿಲ್ಲ.

ಅವಳು ಹೊರಗೆ ಹೋಗಿದ್ದರೆ ಚೆನ್ನಾಗಿತ್ತು. ಮುಂದಿನ ಮಾತು ಅವಳ ಎದುರು ಆಡುವಂಥದ್ದಲ್ಲ. ರಂಗದ ಅಂಚಿನಲ್ಲಿ ಕೂತ ಡೊಳ್ಳು ಹೊಟ್ಟೆಯ ನಟನ ಚಹಾ ಆರಿಹೋಗಿತ್ತು. ಯಾರೋ "ಹೇಳವಾ ತಾಯಿ, ಹೊತ್ತಾತು" ಎಂದರು, ಇನ್ಯಾರೋ ಅವರನ್ನು ಸುಮ್ಮನಿರಿಸಿದರು.

"ದಿಂಬಿಗೆ ಅಳತಿ ತಗೊಂಡಳಲ್ಲ, ಆವಾಗ ನಾ ಎಲ್ಲಾರಕಿಂತ ಜೋರ ನಕ್ಕೆ" ಎಂದೆ. "ಯಾಕಂದ್ರ ಅದು ನಾನ. ನಮ್ಮನ್ಯಾಗ ಹದಿಮೂರು ಫ್ರಾಕು ಅದಾವ. ತೊಡೂ ಕೂಸಿಲ್ಲ. ವರ್ಷಕ್ಕೊಂದು ಹೊಲದೀನಿ. ನಿಮ್ಮ ಮಕ್ಕಳ ಅಂಗಿ ಹೊಲದು ಉಳದ ಚೂರು ಬಟ್ಟಿ ಕದ್ದು ಪಟ್ಟಿ ಹಚ್ಚೀನಿ."

ಬಾಗಿಲು ಮೊಳದಷ್ಟು ಸರಿಯಿತು. ನನ್ನ ನಾಲಿಗೆ ಈಗ ನನ್ನ ಮಾತು ಕೇಳುವ ಹಾಗಿರಲಿಲ್ಲ.

"ನಕ್ಕ ಮ್ಯಾಲ ಹೊಟ್ಟಿಕಿಚ್ಚಾತು. ಆ ದಿಂಬಿನ ಮ್ಯಾಲ. ದಿಂಬು ಛಲೋ. ಯಾವ ಅಳತಿಗೂ ಒಪ್ಪತೈತಿ. ತಿರುಗಿ ನೋಡೂದಿಲ್ಲ. ಈ ಹುಡುಗಿ ನೋಡತಾಳ. ನಾ ಬೇಡಿದ್ದು ಇಷ್ಟು ವರ್ಷ ಒಂದು ಕೂಸು, ಬಂದದ್ದು ಇನ್ನೊಂದು. ಇಕಿ ಹೆಗಲಿಗೆ ಫ್ರಾಕು ಹಿಡದು ಹೊಲೀಲಿಕ್ಕೆ ನನ್ನ ಕೈ ಏಳಲಿಲ್ಲ." ಉಸಿರು ತೆಗೆದುಕೊಂಡೆ. "ಸೋಮವಾರ ಇಕಿ ಮಾವ ಬಂದ್ರ, ಕರಕೊಂಡ ಹೋಗಪಾ ಅಂತ ಹೇಳೂದು ಅಂತ ನಿನ್ನೆ ಗಟ್ಟಿ ಮಾಡಿದ್ದೆ. ನಮ್ಮನಿಯವರಿಗೂ ಹೇಳಿಲ್ಲ. ಇದ ನನ್ನ ಅಭಿಪ್ರಾಯ."

ಎಡಗಡೆಯ ಕದ ಪೂರಾ ತೆರೆದು ಗೋಡೆಗೆ ಬಡಿಯಿತು.

ಆ ಸದ್ದಿಗೆ ಸಾವಂತ್ರಿ ಬೆಚ್ಚಿದಳು. ನಾನು ಅವಳ ಕಡೆ ನೋಡಲಾರದೆ ನೋಡಿದೆ. ಅವಳು ಅಳುತ್ತಿರಲಿಲ್ಲ. ಚಪ್ಪಲಿಗೆ ಹತ್ತಿದ ಮಣ್ಣನ್ನು ಉಗುರಿನಿಂದ ಕೆರೆಯುತ್ತಿದ್ದಳು. ಇಂಥ ಮಾತನ್ನು ಅವಳು ಮೊದಲೂ ಎರಡು ಮನೆಯಲ್ಲಿ ಕೇಳಿದ್ದಳು. ಹೊಸದಾಗಿದ್ದರೆ ಅತ್ತಿರುತ್ತಿದ್ದಳು. ನನ್ನ ಮೇಲೆ ನನಗೆ ಹೇಸಿಗೆಯಾಯಿತು, ಅದಕ್ಕಿಂತ ಬೇರೆ ಮಾತಿಲ್ಲ.

ಒಂದು ಕದ ತೆರೆದೇ ಇತ್ತು, ಯಾರು ಬೇಕಾದರೂ ಹೋಗಬಹುದಿತ್ತು. ಒಬ್ಬರೂ ಏಳಲಿಲ್ಲ. ಬೇರೆಯವರ ಮನೆಯ ಮಾತು ನಡೆದಾಗ ನಮ್ಮ ಊರಿನಲ್ಲಿ ಯಾರ ಒಲೆಯೂ ನೆನಪಾಗುವುದಿಲ್ಲ. ಆದರೆ ಆ ದಿನ ಅವರು ಕೂತದ್ದು ಅದಕ್ಕೇ ಎಂದು ಹೇಳಿದರೆ ಅನ್ಯಾಯವಾದೀತು. ಎಲ್ಲರೂ ಬಲಗಡೆಯ ಕದ ನೋಡುತ್ತಿದ್ದರು. ಅದು ಒಂದು ಕೂದಲಿನಷ್ಟೂ ಅಲುಗಿರಲಿಲ್ಲ. ಮೊದಲಿಂದ ಸರಿಯುತ್ತಿದ್ದದ್ದು ಎಡಗಡೆಯದೊಂದೇ ಎಂಬುದು ಎಲ್ಲರಿಗೂ ಆಗ ಹೊಳೆಯಿತು.

"ಇನ್ನೂ ಏನರ ಉಳದೈತೇನು ತಂಗಿ?" ಎಂದ ಫಕೀರಪ್ಪ.

"ಇಲ್ಲೋ ಯಪ್ಪಾ. ಹೊಟ್ಟ್ಯಾಗ ಇನ್ನೇನೂ ಇಲ್ಲ."

ಎಡಗಡೆಯ ಕದ ಹಿಂದಕ್ಕೆ ಬರಲಿಲ್ಲ. ಎಂದರೆ ಅದೂ ನಿಜ. ಹಾಗಾದರೆ ಬಲಗಡೆಯದು ಯಾಕೆ ತೆರೆಯದು? ಒಬ್ಬರ ಚೀಟಿಗೆ ಇಂಥದ್ದು ನಡೆದದ್ದನ್ನು ಊರು ಕಂಡಿರಲಿಲ್ಲ. ಬಾಗಿಲಿಗೂ ವಯಸ್ಸಾಯಿತು ಎಂದು ಹಿಂದೆ ಯಾರೋ ಪಿಸುಗುಟ್ಟಿದರು.

ಆಗ ಗಂಡಸರ ಸಾಲಿನಿಂದ ನಮ್ಮವರು ಎದ್ದರು. ಈ ಸಲ ಕೂರಲಿಲ್ಲ.

"ಫಕೀರಪ್ಪ, ಚೀಟಿ ಹೊಳ್ಳಿಸಿ ನೋಡು."

ಫಕೀರಪ್ಪ ಅರ್ಧ ಚೀಟಿಯನ್ನು ತಿರುವಿ ಕಣ್ಣ ಹತ್ತಿರ ಹಿಡಿದ. ನಾನೂ ನನ್ನ ಕೈಯಲ್ಲಿದ್ದದ್ದನ್ನು ತಿರುವಿದೆ. ಅದರ ಹಿಂದೆ ಕಡುಕೆಂಪಿನಲ್ಲಿ ಚಿಕ್ಕ ತೊಟ್ಟಿಲಿನ ಅಚ್ಚಿತ್ತು. ಮಡಿಲ ಚೀಟಿ.

"ನಾನ ತಂದದ್ದು" ಎಂದರು ನಮ್ಮವರು. "ಆಗಲೇ ಹೇಳಬೇಕಂತ ಎದ್ದಿದ್ದೆ. ಅಕಿ ಒಬ್ಬಾಕಿ ಮಾತಿಗೇ ತೆರೀತೈತೇನೋ ಅಂತ ಕುಂತೆ. ಆ ಕೂಸಿನ್ನ ಊರ ಮುಂದ ನಿಂದರಿಸೂದು ಬ್ಯಾಡಾಗಿತ್ತು ನನಗ."

ಆ ತೊಟ್ಟಿಲಿನ ಅಚ್ಚು ಅವರ ಪೆಟ್ಟಿಗೆಯಲ್ಲಿ ಇಪ್ಪತ್ತು ವರ್ಷದಿಂದ ಇತ್ತು. ಊರಿನ ಎಷ್ಟೋ ತಾಯಂದಿರಿಗೆ ಅವರು ಅದನ್ನು ಒತ್ತಿ ಕಳಿಸಿದ್ದರು. ಮನೆಗೆ ತಂದದ್ದು ಅದೊಂದೇ ಸಲ. ತಂದು ನನ್ನ ಕೈಯಲ್ಲಿಟ್ಟಿದ್ದರು, ನಾನು ತಿರುವಿಯೂ ನೋಡಿರಲಿಲ್ಲ. ಬಾಗಿಲಲ್ಲಿ ಹರಿದ ಫಕೀರಪ್ಪನೂ ನೋಡಿರಲಿಲ್ಲ. ನೀಲಗಂಗಾ ಎಂದರೆ ಒಬ್ಬಳೇ ಎಂದು ಅವನ ಕೈಗೆ ರೂಢಿಯಾಗಿತ್ತು. ಬಾಗಿಲಿಗೆ ಮಾತ್ರ ನಾವು ಇಬ್ಬರು ಎಂದು ಗೊತ್ತಿತ್ತು.

ಫಕೀರಪ್ಪ ಬೆಂಚುಗಳ ನಡುವೆ ಬಂದು ಸಾವಂತ್ರಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತ. "ನಾಟಕ ಹೆಂಗಿತ್ತವಾ?" ಎಂದ.

ಅವಳು ನನ್ನ ಮುಖ ನೋಡಿದಳು. ಏನು ಹೇಳಿದರೆ ಬೈಗಳು ಬೀಳುವುದಿಲ್ಲ ಎಂದು ಹುಡುಕುವ ನೋಟ ಅದು. ಎರಡು ವಾರದಿಂದ ನಾನು ತಪ್ಪಿಸಿಕೊಂಡು ಓಡಾಡಿದ್ದು ಆ ನೋಟದಿಂದಲೇ.

"ಛಲೋ ಇತ್ತರಿ" ಎಂದಳು ಮೆಲ್ಲಗೆ. ಕದ ಅಲುಗಲಿಲ್ಲ.

ನಾನು ಬಾಗಿ, "ನಿನಗ ಏನ ಅನಸಿತೋ ಅದನ್ನ ಹೇಳು. ಯಾರೂ ಬೈಯಂಗಿಲ್ಲ" ಎಂದೆ.

ಅವಳು ಚಪ್ಪಲಿಗಳನ್ನು ಬೆಂಚಿನ ಮೇಲಿಟ್ಟು ಎದ್ದು ನಿಂತಳು. ಫ್ರಾಕಿನ ಹೆಗಲು ಜಾರಿತ್ತು, ಪಿನ್ನು ತೋಳಿನ ಮೇಲೆ ಬಂದಿತ್ತು. ಅದನ್ನು ಒಂದು ಕೈಯಲ್ಲಿ ಮೇಲಕ್ಕೆ ಹಿಡಿದುಕೊಂಡಳು.

"ನನಗ ನಗು ಬರಲಿಲ್ಲರಿ" ಎಂದಳು. ಬಲಗಡೆಯ ಕದ ಕಿರುಗುಟ್ಟಿತು.

"ಅವರು ಕೂಸಿನ್ನ ತೂರತಿದ್ರು. ಒಬ್ರು ತೂರೂದು, ಒಬ್ರು ಹಿಡಿಯೂದು. ಬೀಳತೈತಿ ಅಂತ ಅಂಜಿಕಿ ಬಂತು." ಜಾರುತ್ತಿದ್ದ ಹೆಗಲನ್ನು ಮತ್ತೆ ಮೇಲಕ್ಕೆಳೆದುಕೊಂಡಳು. "ಅರಿವಿ ಗಂಟು ಅಂತ ಗೊತ್ತಿತ್ತರಿ. ಆದ್ರೂ ನಾ ಅದನ್ನ ನೋಡಕೋತ ಕುಂತಿದ್ದೆ."

ಕದ ತೆರೆಯಿತು. ಸದ್ದು ಮಾಡಲಿಲ್ಲ, ಗೋಡೆಗೆ ಬಡಿಯಲಿಲ್ಲ, ಯಾರೋ ಒಳ್ಳೆಯವರು ಕೈ ಕೊಟ್ಟು ತೆರೆದ ಹಾಗೆ ಕಡೆಯವರೆಗೂ ತೆರೆದು ನಿಂತಿತು. ಇಳಿಹೊತ್ತಿನ ಬಿಸಿಲು ರಂಗದವರೆಗೂ ಬಂತು. ಅಲ್ಲಿ ಡೊಳ್ಳು ಹೊಟ್ಟೆಯ ನಟ ಎದ್ದು, ಪರದೆಯ ಹತ್ತಿರ ಬಿದ್ದಿದ್ದ ಬಟ್ಟೆಯ ಗಂಟನ್ನು ಎತ್ತಿ, ಧೂಳು ಕೊಡವಿ, ಮತ್ತೆ ಕೂತು ತೊಡೆಯ ಮೇಲಿಟ್ಟುಕೊಂಡ. ಅವನು ನಗಿಸಲು ಮಾಡಿದ್ದಲ್ಲ, ಯಾರೂ ನಗಲೂ ಇಲ್ಲ. ಗುರುಬಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು.

ಬಾಗಿಲು ಪೂರಾ ತೆರೆದ ಮೇಲೆ ಚೀಟಿ ಬಂದವರು ಮೊದಲು ದಾಟುವುದು ಪದ್ಧತಿ, ಆಮೇಲೆ ಊರು. ಸಾವಂತ್ರಿ ನನ್ನ ಚಪ್ಪಲಿಯನ್ನು ನನ್ನ ಕಾಲ ಬಳಿ ಜೋಡಿಸಿಟ್ಟಳು. ನಾನು ಅದನ್ನು ಮೆಟ್ಟಲಿಲ್ಲ. ಅವಳನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಂಡೆ. ಆರು ವರ್ಷದ ಹುಡುಗಿಗೆ ಇರಬೇಕಾದ ಭಾರ ಇರಲಿಲ್ಲ. ಎಲ್ಲಿ ಕೈಯಿಡಬೇಕೆಂದು ತಿಳಿಯದೆ ಅವಳು ಕೈಗಳನ್ನು ತನ್ನ ಎದೆಗೇ ಒತ್ತಿಕೊಂಡಿದ್ದಳು. ನಮ್ಮವರು ಬಂದು ಎರಡೂ ಜೊತೆ ಚಪ್ಪಲಿ ಎತ್ತಿಕೊಂಡು ಹಿಂದೆ ನಿಂತರು.

ಹೊಸ್ತಿಲಿನವರೆಗೆ ಹೋದೆ. ಒಂದು ಕಾಲು ಮೇಲಿಟ್ಟೆ. ಅಲ್ಲಿ ನಿಂತುಬಿಟ್ಟೆ.

"ಯವ್ವಾ, ದಾಟು ದಾಟು" ಎಂಬಂತೆ ಫಕೀರಪ್ಪ ಕೈಬೀಸಿ ಸನ್ನೆ ಮಾಡಿದ. ನಾನು ಬಾಯಿ ತೆರೆಯುವುದು ಕಂಡು ಹಿಂದಿನಿಂದ ಹತ್ತಾರು ಜನ ಒಮ್ಮೆಲೇ ಉಸಿರೆಳೆದುಕೊಂಡ ಸದ್ದು ಕೇಳಿಸಿತು. ಹೊಸ್ತಿಲ ಮೇಲೆ ನಿಂತು ಯಾರೂ ಮಾತಾಡುವುದಿಲ್ಲ. ನಾನು ಆಡಲಿದ್ದ ಮಾತು ನಿಜವೋ ಸುಳ್ಳೋ ನನಗೇ ಗೊತ್ತಿರಲಿಲ್ಲ. ನಿನ್ನೆ ಮನಸ್ಸಿನಲ್ಲಿ ಗಟ್ಟಿ ಮಾಡಿದ್ದು ಇನ್ನೂ ಅಲ್ಲೇ ಎಲ್ಲೋ ಇರಬಹುದಿತ್ತು. ಮನೆಗೆ ಹೋಗಿ ಹೇಳಬಹುದಿತ್ತು, ಸೋಮವಾರ ಹೇಳಬಹುದಿತ್ತು. ಆದರೆ ಈ ಬಾಗಿಲ ಮುಂದಲ್ಲದೆ ಬೇರೆಲ್ಲಿ ಹೇಳಿದರೂ ಅದು ಬರೀ ಮಾತಾಗುತ್ತಿತ್ತು, ಅವಳು ಅಂಥ ಮಾತು ಬೇಕಾದಷ್ಟು ಕೇಳಿದ್ದಳು.

"ಸಾವಂತ್ರಿ," ಎಂದೆ, "ನಾ ನಿನ್ನ ಇನ್ನ ಯಾರ ಕೈಗೂ ಕೊಡಂಗಿಲ್ಲ."

ಎರಡೂ ಕದಗಳನ್ನು ನೋಡುತ್ತ ನಿಂತೆ. ನಾನು ನೋಡಿದೆ, ನಮ್ಮವರು ನೋಡಿದರು, ಊರೆಲ್ಲ ನೋಡಿತು. ಹುಡುಗಿಯೂ ಕತ್ತು ತಿರುಗಿಸಿ ಮೊದಲು ಎಡಗಡೆಯದನ್ನು, ಆಮೇಲೆ ಬಲಗಡೆಯದನ್ನು ನೋಡಿದಳು. ಗಾಳಿ ಬೀಸಿತು, ಒಳಗಿದ್ದ ಶೇಂಗಾ ಸಿಪ್ಪೆ ನಮ್ಮ ಕಾಲ ಮೇಲೆ ಹಾದು ಹೊರಗೆ ಹೋಯಿತು.

ಬಾಗಿಲು ಅಲುಗಲಿಲ್ಲ. ಅವಳು ಎದೆಗೆ ಒತ್ತಿಕೊಂಡಿದ್ದ ಕೈಗಳನ್ನು ತೆಗೆದು ನನ್ನ ಕೊರಳಿಗೆ ಹಾಕಿದಳು.